ನಂದಿ ಬೆಟ್ಟದ ಮೇಲೆ ಗಾಂಧಿ ಓದು: ಎಲ್ಲಿ ಉಳಿಯೋದು, ಏನು ಓದೋದು?

ಕೋಟೆಬಾಗಿಲು: ಚಿಕ್ಕಬಳ್ಳಾಪುರದ ನಮ್ಮ ಓದುಗರ ಬಳಗ ಹನ್ನೆರಡು ಜನ. ಬೆಟ್ಟದ ಮೇಲಿನ ಹಳೇ ಅತಿಥಿಗೃಹದಲ್ಲಿ ಒಂದು ರಾತ್ರಿ ಉಳಿದು, ಗಾಂಧೀಜಿ ಅಲ್ಲಿದ್ದಾಗ ಬರೆದದ್ದನ್ನೇ ಓದೋ ಯೋಚನೆ. ಆತ್ಮಕಥೆ ಬರೆದದ್ದು ಅಲ್ಲೇ ಅಂತಾರೆ, ನಿಜವಾ?

ಹಳೇಪುಟ: ಹಾಗಲ್ಲ. ಆತ್ಮಕಥೆ 1925ರ ಕೊನೆಯಿಂದ 1929ರ ತನಕ ಗಾಂಧೀಜಿಯ ಗುಜರಾತಿ ವಾರಪತ್ರಿಕೆ ‘ನವಜೀವನ’ದಲ್ಲಿ ಕಂತುಕಂತಾಗಿ ಬಂತು. 1927ರ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗಿನ ಬೆಟ್ಟದ ವಾಸ ಆ ನಡುವಿನದು, ಅಷ್ಟೇ. ಮಾರ್ಚ್‌ನಲ್ಲಿ ಪ್ರವಾಸದಲ್ಲೇ ಆರೋಗ್ಯ ಕೆಟ್ಟು, ವಿಶ್ರಾಂತಿಗೆ ಬಂದದ್ದು. ನಿಮಗೆ ಬೇಕಾದದ್ದು ಆಗಿನ ಪತ್ರಗಳು. ಇಂಗ್ಲಿಷ್ ಸಮಗ್ರ ಕೃತಿಗಳ ಹಳೇ 100 ಸಂಪುಟಗಳ ಮುದ್ರಣದಲ್ಲಿ 33ನೆಯದು ತೆಗೀರಿ. ಇದೇ ಸಂಖ್ಯೆ ಹಿಡಿದು ಪರಿಷ್ಕೃತ ಡಿಜಿಟಲ್ ಆವೃತ್ತಿಗೆ ಹೋದರೆ ಬೇರೆ ವರ್ಷ ಸಿಗುತ್ತೆ, ಪರಿಷ್ಕರಣೆಯಲ್ಲಿ ಸಂಪುಟಗಳ ಎಣಿಕೆಯೇ ಬದಲಾಗಿದೆ. ತಾರೀಖಿನಿಂದ ಹುಡುಕಿ, ಪತ್ರದ ತಲೆಯಲ್ಲಿ ಊರ ಹೆಸರಿರುತ್ತೆ.

ಸುಲ್ತಾನ್‌ಪೇಟೆ: ರೂಮಿನ ವಿಷಯ. ಗಾಂಧಿ ನಿಲಯ, ನೆಹರೂ ನಿಲಯ, ರಾಜ್ಯ ಪ್ರವಾಸೋದ್ಯಮ ನಿಗಮದ (ಕೆಎಸ್‌ಟಿಡಿಸಿ) ಮಯೂರ ಪೈನ್ ಟಾಪ್, ಮೂರೂ ಬೇರೆ ಬೇರೆ. ಬುಕಿಂಗ್ ಚೀಟಿಯಲ್ಲಿ ಕಟ್ಟಡದ ಹೆಸರು ಬರೆಸಿಕೊಳ್ಳಿ. ‘ನಂದಿ ಹಿಲ್ಸ್ ಸ್ಟೇ’ ಅಂತ ಮಾರೋ ಎಷ್ಟೋ ರೆಸಾರ್ಟ್ ಇರೋದು ಬೆಟ್ಟದ ಬುಡದಲ್ಲಿ. ಶನಿವಾರ, ಭಾನುವಾರ ಬೇಡವೇ ಬೇಡ: ಸೂರ್ಯೋದಯ ನೋಡೋ ಬೆಂಗಳೂರಿನ ಗಾಡಿಗಳು ಕತ್ತಲಲ್ಲೇ ಸಾಲುಗಟ್ಟಿರುತ್ವೆ. ಮಳೆ ಜೋರಿದ್ದರೆ ಘಾಟಿ ರಸ್ತೆ ತೆರೆದಿದೆಯಾ ಅಂತ ಹಿಂದಿನ ದಿನವೇ ಕೇಳಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿತ್ತು.

ಓದನ್ನ ಒಳಗೇ ಇಟ್ಟುಕೊಳ್ಳಿ. 1,478 ಮೀಟರ್ ಎತ್ತರ, ಬಂಡೆಯಂಚಲ್ಲಿ ಮೈಕ್ ಹಿಡಿದರೆ ಗಾಳಿ ಸದ್ದೇ ಕೇಳುತ್ತೆ. ಮಂಜಿಗೆ ಜೆರಾಕ್ಸ್ ಹಾಳೆ ಮೆತ್ತಗಾಗಿ ಒಂದಕ್ಕೊಂದು ಅಂಟುತ್ವೆ, ಪ್ಲಾಸ್ಟಿಕ್ ಫೋಲ್ಡರ್ ಇರಲಿ. ಆದರೆ ಫೋಲ್ಡರ್ ಕೈಯಲ್ಲಿ ಹಿಡಿದು ಓಡಾಡಬೇಡಿ, ತಿಂಡಿ ಅಂತ ಕೋತಿ ಕಿತ್ಕೊಳ್ಳುತ್ತೆ.

ಹಳೇಪುಟ: ಗಾಂಧೀಜಿ ಬೆಟ್ಟಕ್ಕೆ ಮತ್ತೆ ಬಂದ 1936ರ ಮೇ ತಿಂಗಳನ್ನೂ ಸೇರಿಸಿ, ಅದು 62ನೇ ಸಂಪುಟ. ಆ ಸಲ ಜೊತೆಗೆ ಸರ್ದಾರ್ ಪಟೇಲರಿದ್ದರು, ಸಿ.ವಿ. ರಾಮನ್ ಬೆಟ್ಟಕ್ಕೇ ಬಂದು ಭೇಟಿಯಾದರು. ಆ ಮಾತುಕತೆಯನ್ನ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ‘ಹರಿಜನ’ ವಾರಪತ್ರಿಕೆಯಲ್ಲಿ ಬರೆದಿದ್ದಾರೆ. ಇಬ್ಬರು ಎದುರುಬದುರು ಕೂತು ಓದೋಕೆ ಅದೇ ಸರಿ. ಬರೀ ಪತ್ರಗಳಾದರೆ ಮುಕ್ಕಾಲು ಗಂಟೆಗೆ ಕೇಳೋರಿಗೆ ತೂಕಡಿಕೆ.

ಕೋಟೆಬಾಗಿಲು: ಹಾಗಾದರೆ ಪತ್ರ ಆರು ಸಾಕು, ಮಿಕ್ಕಿದ್ದು ರಾಮನ್ ಮಾತುಕತೆ. ಮಂಗಳವಾರಕ್ಕೆ ರೂಮು ಕೇಳ್ತೀವಿ.