ಪದಚರ್ಚೆ: ಹಾಡಿನ 'ಎನರ್ಜಿ'ಗೆ ನೀವು ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ.

ಎರಡು ಪದ ಬೇಕಾಗಿವೆ. ಒಂದು, ಹಾಡು ಕೇಳಿ 'ಏನು ಎನರ್ಜಿ ಇದೆ!' ಅನ್ನುತ್ತೇವಲ್ಲ, ಅದಕ್ಕೆ. ಇನ್ನೊಂದು, ತಾಳದ ಎರಡು ಪೆಟ್ಟುಗಳ ನಡುವಿನ ಸಂದಿಯಲ್ಲಿ ಬೀಳುವ ಪೆಟ್ಟಿಗೆ.

ಮೈಸೂರಿನಲ್ಲಿ ನಾವು ಕೆಲವರು ಆಗಾಗ ಒಬ್ಬರ ಮನೆಯಲ್ಲಿ ಸೇರಿ ಒಂದು ಆಲ್ಬಂ ಪೂರ್ತಿ ಕೇಳುತ್ತೇವೆ. ಯಾರಿಗೆ ಏನನ್ನಿಸಿತು ಅಂತ ಆಮೇಲೆ ಒಂದು ಪುಟ ಕನ್ನಡದಲ್ಲಿ ಬರೆದಿಡುತ್ತೇವೆ. ಈ ಸಲ ಬರೆಯುವ ಸರದಿ ನನ್ನದು. ಕೇಳಿದ್ದು ಆಪರೇಷನ್ ಐವಿ ಎಂಬ ಅಮೆರಿಕದ ತಂಡದ 1989ರ ಆಲ್ಬಂ. ಅದರ ಹೆಸರೇ 'ಎನರ್ಜಿ'. ಹಾಗಾಗಿ ಆ ಪದದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಇದು ಸ್ಕಾ-ಪಂಕ್, ಅಂದರೆ ಸ್ಕಾ ಎಂಬ ಕುಣಿಸುವ ಸಂಗೀತವೂ ಪಂಕ್ ಎಂಬ ಒರಟು, ವೇಗದ ರಾಕ್ ಸಂಗೀತವೂ ಬೆರೆತದ್ದು. ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. ಅಮೆರಿಕದ ರೇಡಿಯೋದಲ್ಲಿ ಬರುತ್ತಿದ್ದ ರಿದಮ್ ಅಂಡ್ ಬ್ಲೂಸ್ ಕೇಳಿ ಅಲ್ಲಿನವರು ಅದಕ್ಕೆ ತಮ್ಮದೇ ನಡೆ ಕೊಟ್ಟರು. ಮುಂದೆ ಅದರ ಓಟ ತಗ್ಗಿ ರಾಕ್‌ಸ್ಟೆಡಿ ಆಯಿತು, 1960ರ ದಶಕ ಮುಗಿಯುವ ಹೊತ್ತಿಗೆ ರೆಗೆ ಆಯಿತು. 1979ರ ಸುಮಾರಿಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ದಿ ಸ್ಪೆಷಲ್ಸ್ ಮುಂತಾದ ತಂಡದವರು ಹಳೆಯ ಸ್ಕಾಗೆ ಪಂಕ್‌ನ ಸಿಟ್ಟು ಸೇರಿಸಿದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಆಪರೇಷನ್ ಐವಿ ಹುಡುಗರು ಅದನ್ನು ಇನ್ನೂ ಜೋರು ಮಾಡಿದರು. 1987ರಲ್ಲಿ ಶುರುವಾದ ತಂಡ 1989ರಲ್ಲಿ ಮುಗಿದೇ ಹೋಯಿತು. ಪೂರ್ತಿ ಆಲ್ಬಂ ಅಂತ ಮಾಡಿದ್ದು ಇದೊಂದೇ. 19 ಹಾಡು, ಹೆಚ್ಚಿನವು ಎರಡು ನಿಮಿಷದ ಆಸುಪಾಸು.

ಈಗ ಕೇಳಿದವರ ಮಾತು. ಅವರವರ ಪದಗಳನ್ನೇ ಇಡುತ್ತೇನೆ, ತೊಡಕು ಶುರುವಾಗುವುದು ಅಲ್ಲಿಂದಲೇ.

ಗಿಟಾರ್ ನುಡಿಸುವ ಹುಡುಗ: "ಸಖತ್ ಎನರ್ಜಿ ಸಾರ್, ಸುಮ್ನೆ ಕೂತ್ಕೊಳ್ಳೋಕೆ ಬಿಡಲ್ಲ." ಮಳವಳ್ಳಿ ಕಡೆಯ ಗೆಳೆಯ: "ಕರೆಂಟ್ ಹೊಡ್ದಂಗಾಯ್ತು ಕಣಪ್ಪ." ವೀಣೆ ಕಲಿಸುವ ಮೇಡಂ ಮೊದಲ ಕೆಲವು ಹಾಡುಗಳನ್ನು ಮುಖ ಗಂಟು ಹಾಕಿಕೊಂಡೇ ಕೇಳಿದರು. ಆಮೇಲೆ ಹೇಳಿದ್ದು: "ಶ್ರುತಿ ಎಲ್ಲೂ ನಿಲ್ಲೋದಿಲ್ಲ. ಆದ್ರೆ ಇಷ್ಟು ಆವೇಶದಲ್ಲೂ ಲಯ ಬಿಟ್ಟಿಲ್ಲ ನೋಡಿ." ಆವತ್ತಿನ ಮಾತುಗಳಲ್ಲಿ ಇದೇ ಹೆಚ್ಚು ಸರಿ ಅಂತ ನನ್ನ ಲೆಕ್ಕ. ತಂಡದ ಹಾಡುಗಾರ ಜೆಸ್ಸಿ ಮೈಕಲ್ಸ್ ಹಾಡುವುದಕ್ಕಿಂತ ಕೂಗುವುದೇ ಜಾಸ್ತಿ. ಆ ಕೂಗಿನ ಕೆಳಗೆ ಮ್ಯಾಟ್ ಫ್ರೀಮನ್‌ನ ಬೇಸ್ ಗಿಟಾರ್ ಓಡುತ್ತಲೇ ಇರುತ್ತದೆ, ಜಾರುವುದಿಲ್ಲ. ಫ್ರೀಮನ್ ಮತ್ತು ಗಿಟಾರಿನ ಟಿಮ್ ಆರ್ಮ್‌ಸ್ಟ್ರಾಂಗ್ ಮುಂದೆ ರಾನ್ಸಿಡ್ ತಂಡ ಕಟ್ಟಿದರು.

ರೆಕಾರ್ಡಿಂಗ್ ಒರಟು ಎಂದು ಒಬ್ಬರ ದೂರು. ಹೌದು, ಒರಟೇ. ನುಣುಪು ಮಾಡಿದ್ದರೆ ಸಪ್ಪೆಯಾಗುತ್ತಿತ್ತು.

ಇನ್ನೊಬ್ಬರಿಗೆ ಪೂರ್ತಿ ನಿರಾಸೆ. ಸ್ಕಾ ಅಂದಮೇಲೆ ಟ್ರಂಪೆಟ್, ಟ್ರಾಂಬೋನ್ ಇರಲೇಬೇಕು ಅಂತ ಬಂದಿದ್ದರು. ತಪ್ಪೇನಿಲ್ಲ. ಜಮೈಕಾದ ಸ್ಕಾಟಲೈಟ್ಸ್ ತಂಡದಿಂದ ಹಿಡಿದು 1990ರ ದಶಕದ ಸ್ಕಾ-ಪಂಕ್ ತಂಡಗಳವರೆಗೆ ಊದುವವರದ್ದೇ ಕಾರುಬಾರು. ಇಲ್ಲಿ ಗಿಟಾರ್, ಬೇಸ್, ಡ್ರಮ್, ಗಂಟಲು, ಅಷ್ಟೇ. ಸ್ಯಾಕ್ಸೋಫೋನ್ ಕೇಳಿಸುವುದೂ ಅಪರೂಪ. "ವಾಲಗ ಇಲ್ದಿರೋ ಮದ್ವೆ" ಎಂದುಬಿಟ್ಟರು. ಮೈಸೂರಿನವರಿಗೆ ಈ ಆಸೆ ಸಹಜ ಬಿಡಿ, ಅರಮನೆ ಬ್ಯಾಂಡಿನ ಊರಿದು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದು ಆ ಬ್ಯಾಂಡ್ ನೋಡಿಯೇ.

ಸರಿ, 'ಎನರ್ಜಿ'ಗೆ ಬರೋಣ. ಪಾಠದ ಪುಸ್ತಕದಲ್ಲಿ ಅದು 'ಶಕ್ತಿ'. ಅಣುಶಕ್ತಿ, ಸೌರಶಕ್ತಿ. ಆಲ್ಬಂ ಹೆಸರಿಗೆ ಇದು ಒಗ್ಗೀತು. ಯಾಕೆಂದರೆ ಆಪರೇಷನ್ ಐವಿ ಎನ್ನುವುದು 1952ರಲ್ಲಿ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳ ಹೆಸರು. ಮೊದಲ ಹೈಡ್ರೋಜನ್ ಬಾಂಬ್ ಸಿಡಿಸಿ ನೋಡಿದ್ದು ಅಲ್ಲೇ. ಆದರೆ "ಈ ಹಾಡಿನಲ್ಲಿ ಶಕ್ತಿ ಇದೆ" ಅಂದು ನೋಡಿ. ಹಾಡಿಗೆ ಏನೋ ಮಹಿಮೆ ಇದೆ, ಕೇಳಿದರೆ ಜ್ವರ ಬಿಡುತ್ತದೆ ಅನ್ನುವ ಅರ್ಥ ಬಂದುಬಿಡುತ್ತದೆ. ಚಾಮುಂಡಿ ಬೆಟ್ಟದ ಕೆಳಗೆ ಕೂತು ಹೇಳಿದರಂತೂ ಮುಗಿಯಿತು.

'ಚೈತನ್ಯ' ಸನ್ಮಾನ ಪತ್ರದ ಭಾಷೆ. ಬಿಟ್ಟೆ.

'ಕಸುವು' ಬಗ್ಗೆ ತುಂಬ ಹೊತ್ತು ವಾದ ನಡೆಯಿತು. ಮಂಡ್ಯದ ಕಡೆಯವರಿಗೆ ಇದು ದಿನದ ಮಾತು. "ಗದ್ದೇಲಿ ಕಸುವಿಲ್ಲ." "ಜ್ವರ ಬಂದೋದ್ ಮೇಲೆ ಮೈಲಿ ಕಸುವೇ ಇಲ್ಲ." ಒಳ್ಳೆಯ ಪದ, ನನಗೆ ತುಂಬ ಇಷ್ಟ. ಆದರೆ ಕಸುವು ಒಳಗೆ ಕೂಡಿಕೊಂಡಿರುವ ಬಲ. ನೆಲದಲ್ಲಿ ಇದೆಯೋ ಇಲ್ಲವೋ ಅನ್ನುವುದು ಬೆಳೆ ಬಂದಮೇಲೆ ಗೊತ್ತಾಗುತ್ತದೆ. ಒಂದು ಗಂಟೆ ರಾಗ ಬೆಳೆಸುವವರ ಹಾಡಿಕೆಗೆ ಕಸುವು ಅನ್ನಬಹುದು. ಇದ್ದಬದ್ದದ್ದನ್ನೆಲ್ಲ ಎರಡು ನಿಮಿಷದಲ್ಲಿ ಸುರಿದು ಎದ್ದುಹೋಗುವ ಹಾಡಿಗೆ? ನನಗೆ ಒಪ್ಪಿಗೆಯಾಗಲಿಲ್ಲ. ಮಳವಳ್ಳಿಯವರಿಗೆ ನನ್ನ ವಾದ ಒಪ್ಪಿಗೆಯಾಗಲಿಲ್ಲ.

'ಹುರುಪು' ಎಲ್ಲರೂ ಹೇಳಿದ್ದು. ಆದರೆ ಹುರುಪು ಮನುಷ್ಯರಿಗೆ ಬರುವಂಥದ್ದು. ಹುಡುಗರಿಗೆ ಹುರುಪು ಬಂತು, ಹುರುಪಿನಿಂದ ನುಡಿಸಿದರು, ಇವು ಸರಿ. "ಹಾಡಿಗೆ ಹುರುಪಿದೆ" ಅಂದರೆ ಕಿವಿಗೆ ಕೊಂಚ ತೊಡರುತ್ತದೆ. ಇನ್ನೊಂದು ಏನೆಂದರೆ, ಹುರುಪಿನಲ್ಲಿ ಖುಷಿ ಇದೆ, ಸಿಟ್ಟು ಇಲ್ಲ. ಈ ಹಾಡುಗಳಲ್ಲಿ ಎರಡೂ ಒಟ್ಟೊಟ್ಟಿಗೆ ಇವೆ. ಕೆಳಗೆ ಕುಣಿಸುವ ತಾಳ, ಮೇಲೆ ಜಗಳಕ್ಕೆ ನಿಂತ ಗಂಟಲು.

ಉಳಿದದ್ದು 'ಬಿರುಸು'. ಮಳೆಗೂ ಆಗುತ್ತದೆ, ಮಾತಿಗೂ ಆಗುತ್ತದೆ. ಅದರಲ್ಲಿ ವೇಗ ಇದೆ, ಒರಟುತನವೂ ಇದೆ. ಜೊತೆಗೆ ಬಾಣಬಿರುಸು ಅಂದಾಗ ಅದು ಸಿಡಿಮದ್ದೂ ಹೌದು. ಬಾಂಬಿನ ಹೆಸರಿಟ್ಟುಕೊಂಡ ತಂಡಕ್ಕೆ ಇನ್ನೇನು ಬೇಕು? ಹಾಗಾಗಿ ಅವರು ನುಡಿಸಿದ ರೀತಿಗೆ 'ಬಿರುಸು', ಕೇಳಿದವರಿಗೆ ಆದದ್ದಕ್ಕೆ 'ಹುರುಪು' ಎಂದು ಬರೆದಿದ್ದೇನೆ. ಆಲ್ಬಂ ಹೆಸರನ್ನು ಮುಟ್ಟಿಲ್ಲ. 'ಕರೆಂಟ್ ಹೊಡ್ದಂಗಾಯ್ತು' ಕೂಡ ಹಾಗೇ ಇರುತ್ತದೆ. 1902ರಿಂದ ಶಿವನಸಮುದ್ರದಲ್ಲಿ ಕರೆಂಟ್ ತೆಗೆಯುತ್ತಿರುವ ಮಳವಳ್ಳಿ ತಾಲ್ಲೂಕಿನವರಿಗೆ ಆ ಪದದ ಮೇಲೆ ಹಕ್ಕಿದೆ, ಅಲ್ವಾ? ನಿಮ್ಮ ಕಡೆ ಬೇರೆ ಪದ ಇದ್ದರೆ ಹೇಳಿ.

ಇನ್ನು ಎರಡನೆಯದು. ಸ್ಕಾದ ಜೀವ ಇರುವುದೇ ಇದರಲ್ಲಿ. ಒಂದು, ಎರಡು, ಮೂರು, ನಾಲ್ಕು ಅಂತ ತೊಡೆಯ ಮೇಲೆ ತಾಳ ಹಾಕಿ. ಕೈ ಬಿದ್ದಾಗ ಗಿಟಾರ್ ಸುಮ್ಮನಿರುತ್ತದೆ. ಕೈ ಮೇಲೆದ್ದಾಗ 'ಚಕ್' ಅನ್ನುತ್ತದೆ. ಪ್ರತಿ ಎಣಿಕೆಗೂ ಹೀಗೇ. ತಂತಿ ಮೀಟಿದ ಕೂಡಲೇ ಬೆರಳು ಸಡಿಲಿಸಿ ನಾದವನ್ನು ಕತ್ತರಿಸುತ್ತಾರೆ, ಅದಕ್ಕೇ ಅದು ಅಷ್ಟು ಮೊಟಕು. ಕೇಳುವವರ ಮೈ ಮೇಲಕ್ಕೆ ಎಗರುವುದು ಇದರಿಂದಲೇ. ಸ್ಕಾದವರು ಇದನ್ನು ಸ್ಕ್ಯಾಂಕ್ ಅನ್ನುತ್ತಾರೆ, ಅದಕ್ಕೆ ಹಾಕುವ ಹೆಜ್ಜೆಗೂ ಅದೇ ಹೆಸರು. ಈ ಆಲ್ಬಂನಲ್ಲಿ ಹಾಡು ಸ್ಕಾದಿಂದ ಪಂಕ್‌ಗೆ ಹೊರಳಿದಾಗ ಸಂದಿ ಮುಚ್ಚಿಹೋಗುತ್ತದೆ, ಗಿಟಾರ್ ಎಡೆಬಿಡದೆ ಮೊರೆಯುತ್ತದೆ. ಆಮೇಲೆ ಸಂದಿ ಮತ್ತೆ ತೆರೆದುಕೊಳ್ಳುತ್ತದೆ. ಬರೆಯಬೇಕಾಗಿರುವುದೇ ಈ ಹೊರಳಾಟವನ್ನು.

ಮೇಡಂ 'ಅನಾಗತ' ಎಂದರು. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಂಡರೆ ಅದು ಅನಾಗತ. ಆದರೆ ಅದು ಎತ್ತುಗಡೆಯ ಮಾತಾಯಿತು. ಇಲ್ಲಿ ಹಾಡು ಎಲ್ಲಿ ಶುರುವಾಗುತ್ತದೆ ಅನ್ನುವುದು ವಿಷಯವಲ್ಲ. 'ಹುಸಿ' ಅನ್ನಬಹುದೇ ಅಂತ ಯೋಚಿಸಿದೆ. ಆದಿತಾಳದಲ್ಲಿ ಪೆಟ್ಟಾದ ಮೇಲೆ ಕೈ ತಿರುಗಿಸುತ್ತೇವಲ್ಲ, ಅದು ಹುಸಿ. ಆದರೆ ಅದೂ ಒಂದು ಪೂರ್ತಿ ಎಣಿಕೆ. ನನಗೆ ಬೇಕಿರುವುದು ಅರೆ ಎಣಿಕೆಯಲ್ಲಿ ಬೀಳುವ ಪೆಟ್ಟು. 'ಹುಸಿಪೆಟ್ಟು' ಅಂದರೆ ಹೊಡೆದ ಹಾಗೆ ನಟಿಸಿದರು ಅಂತಾಗುತ್ತದೆ. 'ಎದುರೇಟು' ಅಂದರೆ ಬಸ್ ಸ್ಟ್ಯಾಂಡ್ ಜಗಳ. ಸದ್ಯಕ್ಕೆ 'ಸಂದಿಪೆಟ್ಟು' ಅಂತ ಬರೆದಿದ್ದೇನೆ. ಗಿಟಾರ್ ಹುಡುಗ ನಗುತ್ತಿದ್ದಾನೆ.

ನನ್ನ ನಿಜವಾದ ಪ್ರಶ್ನೆ ತಮಟೆಯವರ ಹತ್ತಿರ ಒಡನಾಟ ಇರುವವರಿಗೆ. ತಮಟೆಗೆ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ. ದಪ್ಪ ಕೋಲಿನ ಏಟುಗಳ ನಡುವೆ ತೆಳು ಕಡ್ಡಿ ಆಡುತ್ತಿರುತ್ತದೆ. ಗತ್ತು, ಅಂದರೆ ಬಡಿತದ ವರಸೆ, ಹೇಳಿಕೊಡುವಾಗ ಆ ನಡುವಿನ ಏಟಿಗೆ ಏನನ್ನುತ್ತಾರೆ? ನಾಗಮಂಗಲ, ಮದ್ದೂರು, ಕೆ.ಆರ್. ಪೇಟೆ ಕಡೆ ಪೂಜಾ ಕುಣಿತದವರ ಜೊತೆ ಓಡಾಡಿದವರು ಇಲ್ಲಿ ಇದ್ದೇ ಇರುತ್ತೀರಿ. ಬಾಯಲ್ಲಿ ಹೇಳುವ ಸೊಲ್ಲಾದರೂ ಪರವಾಗಿಲ್ಲ. ನಿಘಂಟು ನೋಡಿ ಹೊಸದಾಗಿ ಕಟ್ಟಿದ ಪದ ಮಾತ್ರ ಬೇಡ.

ಕೊನೆಗೊಂದು ಸಣ್ಣ ವಿಷಯ. 'ಸ್ಕಾಗೆ' ಅಂತ ಬರೆದಿದ್ದೇನೆ, ಪುಟ ತಿದ್ದುವವರು 'ಸ್ಕಾಕ್ಕೆ' ಮಾಡಿದ್ದಾರೆ. 'ಸ್ಕಾದ', 'ಸ್ಕಾದಲ್ಲಿ' ಅನ್ನುವಾಗ ಇಬ್ಬರಿಗೂ ತಕರಾರಿಲ್ಲ. ಹಾಗಿದ್ದರೆ 'ಸ್ಕಾಕ್ಕೆ'ಯೇ ಆಗಬೇಕು ಅನ್ನುವುದು ಅವರ ವಾದ. ನೀವು ಹೇಗೆ ಬರೆಯುತ್ತೀರಿ?