ಮಳೆ ಜೋರಾದರೆ ಬಾಸ್ ಮೀನು ಕಚ್ಚುವುದೇ ಇಲ್ಲ, ಯಾವ ಲ್ಯೂರ್ (ಕೃತಕ ಎರೆ) ಹಾಕಲಿ?

ಒಂಟಿಕೊಕ್ಕೆ:
ಎಲ್ಲರಿಗೂ ನಮಸ್ಕಾರ. ಮಳೆಯಲ್ಲಿ ಬಾಸ್ ಚೆನ್ನಾಗಿ ಕಚ್ಚುತ್ತದೆ ಅಂತ ಎಲ್ಲ ಕಡೆ ಓದಿ, ರೇನ್‌ಕೋಟ್ ಹಾಕಿಕೊಂಡು ಹುಮ್ಮಸ್ಸಿನಿಂದ ಕೆರೆಗೆ ಹೋಗಿದ್ದೆ. ಬೆಳಿಗ್ಗೆ ತುಂತುರು ಇದ್ದಾಗ ನೀರಿನ ಮೇಲೆ ತೇಲುವ ಪಾಪರ್ ಲ್ಯೂರ್‌ಗೆ ಎರಡು ಮೀನು ಬಿದ್ದವು. ಏಳೂವರೆ ಹೊತ್ತಿಗೆ ಮಳೆ ಧೋ ಅಂತ ಹಿಡಿಯಿತು. ಅಲ್ಲಿಂದ ಮೂರು ಗಂಟೆ ಹೊತ್ತು ಒಂದು ಮೀನೂ ಮುಟ್ಟಲಿಲ್ಲ.

ಪಾಪರ್, ಉದ್ದ ಎಲೆಯ ಹಾಗಿರುವ ತಿರುಗುವ ತಗಡಿನ (ವಿಲ್ಲೋ ಬ್ಲೇಡ್) ಬೆಳ್ಳಿ ಸ್ಪಿನ್ನರ್‌ಬೇಟ್, ಆಳಕ್ಕೆ ಇಳಿಯುವ ಕ್ರ್ಯಾಂಕ್‌ಬೇಟ್, ತಿಳಿ ಹಸಿರು ಪ್ಲಾಸ್ಟಿಕ್ ಹುಳು, ಎಲ್ಲ ಬದಲಿಸಿ ನೋಡಿದೆ. ಗಂಟು ಕಟ್ಟಿ ಕಟ್ಟಿ ಬೆರಳು ನೆಂದು ಸುಕ್ಕಾಯಿತೇ ಹೊರತು ಮೀನಿಲ್ಲ. ಬಣ್ಣ ತಪ್ಪಾಯಿತಾ?

ಜೊಂಡಿನಂಚು:
ಬಣ್ಣ ಆಮೇಲೆ ನೋಡೋಣ. ಮೊದಲು ಮೂರು ವಿಷಯ ಹೇಳಿ. ಮಳೆ ಜೋರಾದ ಮೇಲೆ ನೀರು ಹೇಗಿತ್ತು? ನಿಂತ ಜಾಗ ಬದಲಿಸಿದಿರಾ? ಮಳೆನೀರು ಕೆರೆಗೆ ಎಲ್ಲಿಂದ ಬಂದು ಬೀಳುತ್ತದೆ?

ಒಂಟಿಕೊಕ್ಕೆ:
ಬೆಳಿಗ್ಗೆ ಮೊಣಕಾಲುದ್ದದ ನೀರಿನಲ್ಲಿ ನನ್ನ ಬೂಟು ಕಾಣುತ್ತಿತ್ತು. ಆಮೇಲೆ ಪೂರ್ತಿ ಬಗ್ಗಡ. ಲ್ಯೂರ್ ಒಂದು ಗೇಣು ಇಳಿದರೆ ಮಾಯ. ಜಾಗ ಬದಲಿಸಲಿಲ್ಲ, ಎರಡು ಮೀನು ಸಿಕ್ಕ ಜಾಗ ಅಲ್ವಾ, ಬಿಡಲು ಮನಸ್ಸಾಗಲಿಲ್ಲ. ಒಂದು ಮೂಲೆಯಲ್ಲಿ ಸಣ್ಣ ತೊರೆ ಬಂದು ಸೇರುತ್ತದೆ, ಆ ಕಡೆ ಹೋಗಲೇ ಇಲ್ಲ. ಇನ್ನೊಂದು ದಡದಲ್ಲಿ ಜೊಂಡು, ಬಿದ್ದ ಮರಗಳು.

ಜೊಂಡಿನಂಚು:
ಅಲ್ಲೇ ಇದೆ ಉತ್ತರ. ನೀವು ಮಳೆ ನೋಡಿ ಲ್ಯೂರ್ ಆರಿಸಿದ್ದೀರಿ, ನೀರು ನೋಡಿ ಅಲ್ಲ. ಏಳೂವರೆಗೆ ಮುಂಚೆ ಇದ್ದ ಕೆರೆಯೇ ಬೇರೆ, ಆಮೇಲಿನದೇ ಬೇರೆ.

ತುಂತುರು ಮಳೆಯಲ್ಲಿ ಬೆಳಕು ಕಡಿಮೆ, ನೀರಿನ ಮೇಲ್ಮೈ ಒಡೆದು ಹೋಗಿರುತ್ತದೆ. ದಡದಲ್ಲಿ ನಿಂತ ನೀವು ಮೀನಿಗೆ ಸರಿಯಾಗಿ ಕಾಣುವುದಿಲ್ಲ. ಅದು ಧೈರ್ಯವಾಗಿ ಮೇಲೆ ಬರುತ್ತದೆ, ಪಾಪರ್ ಕೆಲಸ ಮಾಡುತ್ತದೆ. ಮಳೆ ಜೋರಾದರೆ ಹನಿಗಳ ಸದ್ದಿನಲ್ಲಿ ಪಾಪರಿನ 'ಪ್ಲಕ್' ಮುಳುಗಿ ಹೋಗುತ್ತದೆ. ಆಗಲೂ ಮೇಲ್ಮೈಯಲ್ಲೇ ಆಡಬೇಕು ಅಂದರೆ ಬಜ್‌ಬೇಟ್ ಹಾಕಿ. ಅದು ಬಿಡದೆ ಗೊರಗೊರ ಅನ್ನುತ್ತದೆ. ನಿಲ್ಲಿಸಿದರೆ ಮುಳುಗುತ್ತದೆ, ಹಾಗಾಗಿ ನೀರಿಗೆ ಬೀಳುವ ಹೊತ್ತಿಗೇ ರೀಲ್ ತಿರುಗುತ್ತಿರಬೇಕು.

ಇನ್ನು ಬಗ್ಗಡ ನೀರು. ಇಲ್ಲಿ ಬಾಸ್ ಕಣ್ಣಿಗಿಂತ ಮೈಯನ್ನು ಜಾಸ್ತಿ ನಂಬುತ್ತದೆ. ಅದರ ಪಕ್ಕೆಯುದ್ದಕ್ಕೂ ಒಂದು ಗೆರೆ ಕಾಣುತ್ತದಲ್ಲ, ನೀರಿನ ಅಲುಗಾಟ ಗೊತ್ತಾಗುವುದು ಅದರಿಂದಲೇ. ನಿಮ್ಮ ವಿಲ್ಲೋ ಬ್ಲೇಡ್ ಮಿಂಚುವುದು ಜಾಸ್ತಿ, ನೀರನ್ನು ಅಲುಗಿಸುವುದು ಕಡಿಮೆ. ಒಂದು ಗೇಣಿನಾಚೆ ಏನೂ ಕಾಣದ ನೀರಿನಲ್ಲಿ ಮಿಂಚಿ ಏನು ಪ್ರಯೋಜನ? ದುಂಡಗಿನ ಕೊಲರಾಡೊ ಬ್ಲೇಡ್ ಹಾಕಿ. ನಿಧಾನವಾಗಿ ಎಳೆದರೂ ದಪ್ ದಪ್ ಅಂತ ಬಡಿಯುವುದು ರಾಡಿನ ಹಿಡಿಯವರೆಗೂ ಬರುತ್ತದೆ. ನಿಮ್ಮ ಕೈಗೆ ಆ ಬಡಿತ ಬರುತ್ತಿಲ್ಲ ಅಂದರೆ ಎಳೆಯುವ ವೇಗ ತಪ್ಪಿದೆ, ಅಥವಾ ಕಸ ಸಿಕ್ಕಿದೆ. ಮುಂದೆ ತಗಡು ಅಲುಗುವ ಚಾಟರ್‌ಬೇಟ್ ಕೂಡ ಇದೇ ಕೆಲಸಕ್ಕೆ.

ಆಳದ ಕ್ರ್ಯಾಂಕ್‌ಬೇಟ್ ಪೆಟ್ಟಿಗೆಯಲ್ಲೇ ಇರಲಿ. ನೀರು ಬಗ್ಗಡವಾದರೆ ಬಾಸ್ ಸಾಮಾನ್ಯವಾಗಿ ದಡದ ಕಡೆ ಬಂದು ಮರದ ಬೊಡ್ಡೆಗೋ ಜೊಂಡಿಗೋ ಅಂಟಿಕೊಂಡು ನಿಲ್ಲುತ್ತದೆ. ಅದು ಲ್ಯೂರನ್ನು ಹುಡುಕಿಕೊಂಡು ದೂರ ಬರುವುದಿಲ್ಲ, ನೀವೇ ಅದರ ಮೂಗಿನ ಹತ್ತಿರ ಒಯ್ಯಬೇಕು. ಒಂದೇ ಬೊಡ್ಡೆಗೆ ನಾಲ್ಕೈದು ಸಲ ಎಸೆಯಲು ಬೇಜಾರು ಮಾಡಿಕೊಳ್ಳಬೇಡಿ.

ರಾಡಿನೀರು:
ಜೊಂಡಿನಂಚು ಸರ್ ಹೇಳಿದ್ದು ಸರಿ, ಆದರೆ ಬಣ್ಣವನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ 🙂 ಬಗ್ಗಡದಲ್ಲಿ ತಿಳಿ ಹಸಿರು ಹುಳು ಇದ್ದೂ ಇಲ್ಲದ ಹಾಗೆ. ನಾನು ಕಟ್ಟುವುದು ಕಪ್ಪು-ನೀಲಿ ಜಿಗ್ (ತಲೆಯಲ್ಲಿ ಭಾರ ಇರುವ ಕೊಕ್ಕೆ), 10 ರಿಂದ 14 ಗ್ರಾಂ, ಒಳಗೆ ಗಿಲಕಿ ಇರುವುದು, ಹಿಂದೆ ಬಾಲದ ಹಾಗೆ ದಪ್ಪ ಪ್ಲಾಸ್ಟಿಕ್ ಟ್ರೇಲರ್. ಕಪ್ಪು ಯಾಕೆ ಅಂದರೆ ಮಬ್ಬಿನಲ್ಲಿ ಅದರ ಆಕಾರ ಎದ್ದು ಕಾಣುತ್ತದೆ. ಸ್ಪಿನ್ನರ್‌ಬೇಟ್ ಆದರೆ ಗಿಣಿಹಸಿರು-ಹಳದಿ ಕೂಡ ಆಗುತ್ತದೆ. ಲ್ಯೂರನ್ನು ರಾಡಿನ ತುದಿಯಿಂದ ನೀರಿಗೆ ಇಳಿಸಿ, ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ನೋಡಿ. ಮೊಣಕಾಲುದ್ದ ಕಂಡರೆ ಮೀನಿನ ಬಣ್ಣ, ಗೇಣುದ್ದ ಕಂಡರೆ ಕಪ್ಪು. ನನ್ನ ಲೆಕ್ಕ ಇಷ್ಟೇ.

ಆ ತೊರೆಯ ಬಾಯಿಗೆ ಖಂಡಿತ ಹೋಗಿ. ಕೊಚ್ಚಿಕೊಂಡು ಬರುವ ಹುಳ, ಸಣ್ಣ ಮೀನಿಗೆ ಬಾಸ್ ಅಲ್ಲಿ ಕಾಯುತ್ತಿರುತ್ತದೆ. ಕೆಂಪು ನೀರು, ತಿಳಿ ನೀರು ಸೇರುವ ಗೆರೆ ಕಂಡರೆ ಆ ಗೆರೆಯುದ್ದಕ್ಕೂ ಎಳೆಯಿರಿ, ಅಡ್ಡ ಅಲ್ಲ. ಒಂದೇ ಎಚ್ಚರಿಕೆ: ಚಳಿಗಾಲದ ತಣ್ಣನೆ ಮಳೆ ಆದರೆ ತೊರೆಯ ನೀರು ಕೆರೆಗಿಂತ ತಣ್ಣಗಿದ್ದು ಮೀನು ಮಂಕಾಗುತ್ತದೆ. ಆಗ ಜಿಗ್ಗನ್ನು ತಳದಲ್ಲಿ ತೆವಳಿಸುವುದೇ ದಾರಿ.

ಕಾರ್ಬನ್‌ಕೋಲು:
ಇದನ್ನು ಯಾರೂ ಹೇಳಲಿಲ್ಲ. ಗುಡುಗು ಕೇಳಿದರೆ ಲ್ಯೂರ್ ಯೋಚನೆ ಬಿಟ್ಟು ಸುಮ್ನೆ ಮನೆಗೆ ಹೋಗಿ, ಇಲ್ಲ ಕಾರಿನೊಳಗೆ ಕೂತು ಗಾಜು ಏರಿಸಿ. ಗ್ರಾಫೈಟ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಮರದಡಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ವಾಪಸ್ ಬರಬೇಡಿ.

ಒಂಟಿಕೊಕ್ಕೆ:
ನಿನ್ನೆ ಮತ್ತೆ ಹೋಗಿದ್ದೆ. ಜೋರು ಮಳೆ, ಗುಡುಗು ಇರಲಿಲ್ಲ. ನೇರ ತೊರೆಯ ಬಾಯಿಗೆ ಹೋದೆ. ಮೊದಲ ಅರ್ಧ ಗಂಟೆ ಕೊಲರಾಡೊ ಬ್ಲೇಡಿಗೆ ಏನೂ ಇಲ್ಲ. ಬಿದ್ದ ಮರದ ಪಕ್ಕ ಕಪ್ಪು-ನೀಲಿ ಜಿಗ್ ಇಳಿಸಿದೆ. ಮೂರನೇ ಸಲ ಇಳಿಯುವಾಗ ಲೈನ್ ಪಕ್ಕಕ್ಕೆ ಸರಿಯಿತು. ಕೈಗೆ ಏನೂ ತಗುಲಲಿಲ್ಲ, ಲೈನ್ ಮಾತ್ರ ಸರಿಯಿತು. ಎಳೆದೆ, ಇತ್ತು! ಅದೇ ಮರದಲ್ಲಿ ಇನ್ನೊಂದು.

ಬಜ್‌ಬೇಟ್‌ಗೆ ಮಾತ್ರ ಮೂರು ಸಲ ಹಾರಿ ಮೂರೂ ತಪ್ಪಿಸಿಕೊಂಡವು. ಯಾಕಿರಬಹುದು?

ಜೊಂಡಿನಂಚು:
ಶಭಾಷ್! ನೀರು ಚಿಮ್ಮಿದ್ದು ನೋಡಿಯೇ ಎಳೆದುಬಿಟ್ಟಿರುತ್ತೀರಿ. ನಾನೂ ಎಷ್ಟೋ ವರ್ಷ ಇದನ್ನೇ ಮಾಡಿದವನು. ಚಿಮ್ಮಿದರೂ ರೀಲ್ ತಿರುಗಿಸುತ್ತಲೇ ಇರಿ, ರಾಡಿಗೆ ಭಾರ ಬಂದ ಮೇಲೆ ಎಳೆಯಿರಿ. ಆಮೇಲೂ ತಪ್ಪಿದರೆ ಮುಖ್ಯ ಕೊಕ್ಕೆಗೆ ಇನ್ನೊಂದು ಟ್ರೇಲರ್ ಕೊಕ್ಕೆ ಸಿಕ್ಕಿಸಿ. ಜೊಂಡಿನೊಳಗೆ ಎಸೆಯುವಾಗ ಅದನ್ನು ತೆಗೆದುಬಿಡಿ, ಹುಲ್ಲು ಹಿಡಿಯುತ್ತದೆ.

ರಾಡಿನೀರು:
ನಿನ್ನೆಯ ಪೆಟ್ಟಿಗೆ ಮುಚ್ಚಿಟ್ಟಿದ್ದರೆ ಈಗಲೇ ತೆಗೆದು ಗಾಳಿಗಿಡಿ. ಒಂದು ಮಳೆಯಾದ ಮೇಲೆ ಮರೆತು ನಾನು ಒಂದು ಪೆಟ್ಟಿಗೆ ತುಂಬಾ ಕೊಕ್ಕೆ ತುಕ್ಕು ಹಿಡಿಸಿಕೊಂಡಿದ್ದೇನೆ.

ಒಂಟಿಕೊಕ್ಕೆ:
ಅಯ್ಯೋ, ಅದು ಇನ್ನೂ ಕಾರಿನಲ್ಲೇ ಇದೆ. ಬಂದೆ.