ಹೆಸ್ಕಾಂ ಖಾಸಗಿಯಾದರೆ ಮನೆಯಲ್ಲಿ ರೋಗಿ ಇದ್ದವರ ಗತಿ ಏನು?

ಮುಂಡರಗಿ ಹುಡುಗ:
ನಮ್ಮ ಕಡೆ ಕರೆಂಟ್ ಕೊಡುವ ಸರ್ಕಾರಿ ಕಂಪನಿ ಹೆಸ್ಕಾಂ ಖಾಸಗಿಯವರ ಪಾಲಾಗುತ್ತದೆ ಅಂತ ಆಗಾಗ ಮಾತು ಬರುತ್ತದೆ. 2022ರಲ್ಲಿ ವಿದ್ಯುತ್ ತಿದ್ದುಪಡಿ ಮಸೂದೆ ಬಂದಾಗಲೂ ಇದೇ ಗದ್ದಲ. ಎಲ್ಲರೂ ಬಿಲ್ ಎಷ್ಟು ಏರುತ್ತದೆ ಅಂತಷ್ಟೇ ಕೇಳುತ್ತಾರೆ. ನನ್ನ ಚಿಂತೆ ಬೇರೆ. ಅಪ್ಪಾರಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಮಷೀನ್ ಹಚ್ಚಿದ್ದೇವೆ. 300 ವ್ಯಾಟಿನ ಮಷೀನ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 216 ಯೂನಿಟ್ ಅದೊಂದಕ್ಕೇ ಆಯಿತು, 200 ದಾಟಿದ ಮೇಲೆ ಗೃಹಜ್ಯೋತಿಯೂ ಇಲ್ಲ, ಪೂರಾ ಬಿಲ್ ಕಟ್ಟಬೇಕು. ನಾಳೆ ಕಂಪನಿ ಬದಲಾದರೆ ಇಂಥ ಮನೆಗಳನ್ನು ಯಾರು ಕೇಳುತ್ತಾರೆ?

ಧಾರವಾಡದವ, ಈಗ ದಿಲ್ಲಿ:
ಖಾಸಗಿ ಅಂದ ತಕ್ಷಣ ಹೆದರಬೇಡಿ. ದಿಲ್ಲಿಯಲ್ಲಿ 2002ರಲ್ಲೇ ಕರೆಂಟ್ ಹಂಚಿಕೆ ಖಾಸಗಿಯಾಯಿತು. ಆಗ ಅರ್ಧದಷ್ಟು ಕರೆಂಟ್ ಕಳ್ಳತನ, ಸೋರಿಕೆಯಲ್ಲೇ ಹೋಗುತ್ತಿತ್ತು. ಈಗ ಅದು 10 ಪರ್ಸೆಂಟಿಗಿಂತ ಕಡಿಮೆ. ಕರೆಂಟ್ ಹೋಗುವುದೂ ಕಡಿಮೆಯಾಗಿದೆ. ಅಪ್ಪಾರಿಗೆ ಬೇಕಾದದ್ದು ಅದೇ ಅಲ್ವಾ?

ಗದಗ ಸಿಸ್ಟರ್:
ದಿಲ್ಲಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ ಅಣ್ಣಾರ. ನಮ್ಮಲ್ಲಿ ಒಂದು ಹಳ್ಳಿಗೆ ಹೊಲದ ಮೇಲೆ ಕಿಲೋಮೀಟರುಗಟ್ಟಲೆ ಲೈನ್ ಎಳೆಯಬೇಕು, ರೈತರ ಪಂಪ್‌ಸೆಟ್ಟಿನ ಕರೆಂಟ್ ದುಡ್ಡು ಸರ್ಕಾರ ಕೊಟ್ಟಾಗ ಬರಬೇಕು. ಗಾಳಿಮಳೆಗೆ ಕಂಬ ಬಿದ್ದರೆ ಲಾಭ ನೋಡುವವನು ಮೊದಲು ಎಲ್ಲಿಗೆ ಓಡುತ್ತಾನೆ ಹೇಳಿ. ಒಡಿಶಾದಲ್ಲಿ 1999ರ ಚಂಡಮಾರುತ ಆದ ಮೇಲೆ ಅಲ್ಲಿ ಹಂಚಿಕೆ ಹಿಡಿದಿದ್ದ ಅಮೆರಿಕದ ಕಂಪನಿ ಕೈಬಿಟ್ಟೇ ಹೋಯಿತು.
ಲಸಿಕೆ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಲಸಿಕೆ ತಂಪಾಗಿಡುವ ನಮ್ಮ ಐಎಲ್‌ಆರ್ ಪೆಟ್ಟಿಗೆಗೆ ದಿನಕ್ಕೆ 8 ತಾಸು ಕರೆಂಟ್ ಸಿಕ್ಕರೂ 2ರಿಂದ 8 ಡಿಗ್ರಿ ಹಿಡಿದಿಡುತ್ತದೆ. ಭಯ ನೀರಿನದು. ಮುಂಡರಗಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್, ಹಾಗಾಗಿ ಜನ ಶುದ್ಧ ನೀರಿನ ಘಟಕ ನಂಬಿದ್ದಾರೆ. ನದಿ ನೀರು ಬಂದರೂ ಅದೂ ಪಂಪಿನಿಂದಲೇ. ಪಂಚಾಯ್ತಿ ಬಿಲ್ ಬಾಕಿ ಉಳಿಯುವುದು ಹೊಸದೇನಲ್ಲ. ಇವತ್ತು ಒಂದು ಫೋನ್ ಮಾಡಿದರೆ ಅಧಿಕಾರಿ ಕರೆಂಟ್ ಕಡಿಯದೆ ನಾಲ್ಕು ದಿನ ತಡೆಯುತ್ತಾನೆ, ಕಂಪನಿ ತಡೆಯುತ್ತದಾ? ಫ್ಯೂಸ್ ಕಿತ್ತರೆ ಮತ್ತೆ ಬೋರೇ ಗತಿ. ಮೊದಲು ಮಕ್ಕಳ ಹಲ್ಲು ಕೆಡುತ್ತದೆ, ಆಮೇಲೆ ಮೂಳೆ.

ಹಳೇ ಹುಬ್ಬಳ್ಳಿ:
ನಮಗೂ ಅದೇ. ಮಲಪ್ರಭಾ ನೀರನ್ನು ಸವದತ್ತಿಯಿಂದ ಪಂಪ್ ಮಾಡಿಯೇ ತರಬೇಕು. ಪಂಪ್ ನಿಂತು ಪೈಪ್ ಖಾಲಿಯಾದರೆ ಒಡೆದ ಕಡೆ ಗಟಾರದ ನೀರು ಒಳಗೆ ಸೇರುತ್ತದೆ. ವಾಂತಿ ಭೇದಿ ಶುರುವಾದಾಗ ಕರೆಂಟಿನವರನ್ನು ಯಾರೂ ಬೈಯುವುದಿಲ್ಲ, ಬೈಗುಳವೆಲ್ಲ ಪಾಲಿಕೆಗೆ.

ರಿಟೈರ್ಡ್ ಲೈನ್‌ಮನ್, ಹಾವೇರಿ:
ತಮ್ಮಾ, 2003ರ ವಿದ್ಯುತ್ ಕಾಯ್ದೆ 56ನೇ ಕಲಂ ನೋಡು. ಬಾಕಿಗೆ ಕಡಿಯುವ ಮುಂಚೆ 15 ದಿನದ ನೋಟಿಸ್ ಕೊಡಲೇಬೇಕು, ಕಂಪನಿ ಯಾರದ್ದಾದರೂ ಸರಿ. ಆದರೆ ರೋಗಿ ಇರುವ ಮನೆಗೆ ವಿನಾಯಿತಿ ಅಂತ ಆ ಕಲಂನಲ್ಲಿ ಇಲ್ಲ. ಕರೆಂಟ್ ದರ ಗೊತ್ತು ಮಾಡುವ ಆಯೋಗ ಕೆಇಆರ್‌ಸಿ ದರದ ವಿಚಾರಣೆ ಇಟ್ಟಾಗ ಸಾರ್ವಜನಿಕರ ಆಕ್ಷೇಪಣೆ ತೆಗೆದುಕೊಳ್ಳುತ್ತಾರೆ, ರೋಗಿ ಇರುವ ಮನೆಯ ವಿಷಯ ಅಲ್ಲಿ ಬರೆದು ಕೊಡು. ಮತ್ತೆ ಮನೆಯಲ್ಲಿ ಒಂದು ತುಂಬಿದ ಸಿಲಿಂಡರ್ ಇರಲಿ, ಬರೀ ಇನ್ವರ್ಟರ್ ನಂಬಬೇಡ.

ಮುಂಡರಗಿ ಹುಡುಗ:
ಸಿಲಿಂಡರ್ ಇದೆ ಕಾಕಾ. ಆಕ್ಷೇಪಣೆ ಬರೆಯುತ್ತೇನೆ. ಸಿಸ್ಟರ್, ನೀರಿನ ಘಟಕದ ವಿಷಯವನ್ನೂ ಅದರಲ್ಲೇ ಸೇರಿಸಲಾ?